ಹಳೆಯ ಕಂಪ್ಯೂಟರಿಗೊಂದು ಸಂತೆ

ಡೊಂಬಿವಲಿಯಲ್ಲಿ ನಮ್ಮ ಭಾವ ಇದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಮುಂಬಯಿಯಲ್ಲಿ ಬಾಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಕೂಡಿಟ್ಟದ್ದನ್ನು ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಲಾಫ್ಟಿನಿಂದ ತಾಮ್ರದ ಹಂಡೆ ಇಳಿಯಿತು, ಮಕ್ಕಳ ತೊಟ್ಟಿಲು ಇಳಿಯಿತು, ಕೊನೆಗೆ ಹಳೇ ಸೀರೆಯಲ್ಲಿ ಸುತ್ತಿಟ್ಟ ಒಂದು ಕಂಪ್ಯೂಟರೂ ಇಳಿಯಿತು. ಭಂಗಾರ್‌ವಾಲಾ ಬಂದು ತೂಗಿ ನೋಡಿ, ಮಾನಿಟರ್ ಸೇರಿಸಿ 300 ರೂಪಾಯಿ ಎಂದ. ಅಕ್ಕ ಒಪ್ಪಿದಳು. ಭಾವ ಮಾತ್ರ ಅಡ್ಡ ನಿಂತರು. “ಅದೊಂದನ್ನು ಮುಟ್ಟುವುದು ಬೇಡ ಮಾರಾಯ. ಅದರಲ್ಲಿ ಮಾಸ್ತರರ ಪುಸ್ತಕ ಉಂಟು.”

ಭಾವ ಹತ್ತನೆಯ ವಯಸ್ಸಿನಲ್ಲಿ ಊರು ಬಿಟ್ಟವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕೋಟೆಯ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ. ಆಮೇಲೆ ಟೈಪಿಂಗ್ ಕಲಿತರು, 1993ರ ಸುಮಾರಿಗೆ ಡೊಂಬಿವಲಿಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಹಾಕಿದರು. ಸಂಘಗಳ ಸ್ಮರಣ ಸಂಚಿಕೆ, ಮದುವೆ ಕಾಗದ, ಯಕ್ಷಗಾನದ ಕರಪತ್ರ ಎಲ್ಲವೂ ಅಲ್ಲೇ ತಯಾರಾಗುತ್ತಿದ್ದವು. ರಾತ್ರಿ ಶಾಲೆಯಲ್ಲಿ ಅವರಿಗೆ ಕಲಿಸಿದ ಮಾಸ್ತರರು ನಿವೃತ್ತರಾದ ಮೇಲೆ ತಮ್ಮ ನೆನಪುಗಳನ್ನು ಬರೆದು ತಂದುಕೊಟ್ಟರು. ಹೋಟೆಲಿನ ಹುಡುಗರು ಹೇಗೆ ಓದಿದರು, ಯಾರು ಎಲ್ಲಿಗೆ ತಲುಪಿದರು, ಯಾರು ದಾರಿಯಲ್ಲೇ ಕಳೆದುಹೋದರು ಎಂಬುದೆಲ್ಲ ಅದರಲ್ಲಿತ್ತು. ಭಾವ ಹದಿನಾಲ್ಕು ಅಧ್ಯಾಯಗಳನ್ನೂ ಕಂಪೋಸ್ ಮಾಡಿದರು. ಅಚ್ಚಿಗೆ ಹಣ ಹೊಂದಿಕೆಯಾಗಲಿಲ್ಲ. ಮಾಸ್ತರರು ತೀರಿಕೊಂಡರು. ಕೈಬರಹದ ಕಟ್ಟು 2005ರ ಜುಲೈ 26ರ ಮಳೆಯಲ್ಲಿ ಅಂಗಡಿಗೆ ನೀರು ನುಗ್ಗಿದಾಗ ಮುದ್ದೆಯಾಯಿತು. ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂದಿದ್ದರಿಂದ ಹಳೆಯದು ಮನೆಯ ಲಾಫ್ಟ್ ಸೇರಿತ್ತು. ಹಾಗಾಗಿ ಅದು ಉಳಿಯಿತು.

ನಾನು ಸಾಫ್ಟ್‌ವೇರ್ ಕೆಲಸದವನು. “ಒಂದು ಭಾನುವಾರ ಸಾಕು ಭಾವ, ಎಲ್ಲ ತೆಗೆದುಕೊಡುತ್ತೇನೆ” ಎಂದೆ. ಆ ಭಾನುವಾರ ಮುಗಿಯಲು ಎರಡು ವರ್ಷ ಹಿಡಿಯಿತು.

ಬ್ಯಾಟರಿ ಎಂಬ ಮೂಷಿಕ

ಮೊದಲ ತಪ್ಪು ನನ್ನದೇ. ಒಳಗೆ ಏನಿದೆ ಎಂದು ನೋಡದೆ ಸ್ವಿಚ್ ಹಾಕಿದೆ. ಪರದೆಯ ಮೇಲೆ ನಾಲ್ಕು ಸಾಲು ಬಂತು, ಕೀಬೋರ್ಡ್ ಇಲ್ಲ ಎಂದಿತು, ಹಾರ್ಡ್ ಡಿಸ್ಕ್ ಇಲ್ಲ ಎಂದಿತು, ನಿಂತಿತು. ಮುಚ್ಚಳ ಬಿಚ್ಚಿದರೆ ಮದರ್‌ಬೋರ್ಡಿನ ಒಂದು ಮೂಲೆ ಹಸಿರುಗಟ್ಟಿತ್ತು.

ಆ ಕಾಲದ 386, 486 ಬೋರ್ಡುಗಳ ಮೇಲೆ ಗಡಿಯಾರವನ್ನೂ ಡಿಸ್ಕಿನ ವಿವರವನ್ನೂ ನೆನಪಿಡಲು ಪುಟ್ಟ ಪೀಪಾಯಿಯಂಥ ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿ ಕೂರಿಸುತ್ತಿದ್ದರು. ವರ್ಷಗಳು ಕಳೆದಂತೆ ಅದರಿಂದ ಕ್ಷಾರ ಸೋರುತ್ತದೆ. ಆ ಕ್ಷಾರ ತಾಮ್ರದ ಗೆರೆಗಳನ್ನು ಇಲಿ ಕೊರೆದಂತೆ ಕೊರೆಯುತ್ತದೆ. ಬ್ಯಾಟರಿ ಸತ್ತರೆ ಡಿಸ್ಕಿನ ಅಳತೆಯೂ ಮರೆತುಹೋಗುತ್ತದೆ. ಎಷ್ಟು ಸಿಲಿಂಡರ್, ಎಷ್ಟು ಹೆಡ್, ಎಷ್ಟು ಸೆಕ್ಟರ್ ಎಂದು ನಾವೇ ತುಂಬಬೇಕು. ಅದೃಷ್ಟಕ್ಕೆ ಈ ಅಂಕಿಗಳು ಡಿಸ್ಕಿನ ಮೇಲಿನ ಚೀಟಿಯಲ್ಲಿ ಇದ್ದವು. ತುಂಬಲು ಕೀಬೋರ್ಡ್ ಬೇಕಲ್ಲ? ಅದರ ಗೆರೆಯೇ ಕೊರೆದುಹೋಗಿತ್ತು.

ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಕಲಿಸಬಹುದು, ಓದಲಾಗದು. ಅಂದು ಕನ್ನಡಕ್ಕೆ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಒಂದೊಂದು ತಂತ್ರಾಂಶಕ್ಕೂ ತನ್ನದೇ ಫಾಂಟು, ತನ್ನದೇ ಸಂಕೇತ. ಭಾವನ ತಂತ್ರಾಂಶ ನಡೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಬೇಕು. ಹಳೇ ಯಂತ್ರದಂತೆ ನಟಿಸುವ ಎಮ್ಯುಲೇಟರಿನಲ್ಲೂ ಪ್ರಯತ್ನಿಸಿದೆ. ಡಾಂಗಲ್ ಕಾಣದೆ ತಂತ್ರಾಂಶ ಬಾಗಿಲು ತೆರೆಯಲಿಲ್ಲ. ಬೇಕಾದದ್ದು ಇನ್ನೊಂದು 486 ಬೋರ್ಡು. ಅಷ್ಟೇ.

ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. “ಸಾಹೇಬ್, ಮ್ಯೂಸಿಯಮ್ಮಿನಲ್ಲಿ ಕೇಳಿ” ಎಂದು ನಕ್ಕರು. ಬೆಂಗಳೂರಿನ ಎಸ್.ಪಿ. ರೋಡಿಗೆ ತಮ್ಮನನ್ನು, ಚೆನ್ನೈಯ ರಿಚ್ಚಿ ಸ್ಟ್ರೀಟಿಗೆ ಗೆಳೆಯನನ್ನು, ದಿಲ್ಲಿಯ ನೆಹರೂ ಪ್ಲೇಸಿಗೆ ಸಹೋದ್ಯೋಗಿಯನ್ನು ಅಟ್ಟಿದೆ. ಎಲ್ಲ ಕಡೆಯೂ ಒಂದೇ ಉತ್ತರ: ಅಂಥವೆಲ್ಲ ಯಾವತ್ತೋ ಭಂಗಾರಿಗೆ ಹೋದವು.

ಒಂಬತ್ತು ತಿಂಗಳ ನಂತರ ಮಂಗಳೂರಿನ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರ ಜೊತೆ ಮಾತಿಗೆ ಇಳಿದೆ. ಹೈದರಾಬಾದಿನಲ್ಲಿ ನೆಲೆಸಿದ ನಿವೃತ್ತ ಬ್ಯಾಂಕ್ ನೌಕರರು. ಹಳೇ ಕಂಪ್ಯೂಟರ್ ರಿಪೇರಿ ಅವರ ಹವ್ಯಾಸವಂತೆ. ನಾನು ಕತೆ ಹೇಳಿ ಮುಗಿಸುವ ಮೊದಲೇ ಅವರೆಂದರು, “486 ಬೋರ್ಡಾ? ನನ್ನಲ್ಲಿ ಮೂರುಂಟು. ಕೇಳುವವರೇ ಇಲ್ಲದೆ ಇಟ್ಟುಕೊಂಡಿದ್ದೇನೆ.”

ಪಾಯಸ ಬರುವಷ್ಟರಲ್ಲಿ ವ್ಯವಹಾರ ಕುದುರಿತ್ತು. ಆದರೆ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ವಸ್ತು ಇತ್ತು, ಕೊಡುವವರು ಇದ್ದರು, ಕೊಳ್ಳುವವನು ಇದ್ದೆ. ಭೇಟಿಯಾಗಲು ಯಾರದೋ ಮದುವೆಯೇ ಆಗಬೇಕಿತ್ತೇ?

ಮುರಿದದ್ದಕ್ಕೂ ಗಿರಾಕಿ ಇದ್ದಾನೆ

ಆ ಹಿರಿಯರು, ಪುಣೆಯಲ್ಲಿರುವ ನನ್ನ ಹಳೇ ರೂಮ್‌ಮೇಟ್ ಮತ್ತು ನಾನು ಸೇರಿ ಹಳೇ ಕಂಪ್ಯೂಟರ್ ಪ್ರಿಯರಿಗಾಗಿ ಒಂದು ಆನ್‌ಲೈನ್ ಮಾರುಕಟ್ಟೆ ಕಟ್ಟಿದೆವು. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಇಲ್ಲಿ ‘ಸಂತೆ’ ಎಂದೇ ಕರೆಯುತ್ತೇನೆ. ಯಾರಿಗೂ ಇದು ಹೊಟ್ಟೆಪಾಡಲ್ಲ, ರಜೆಯ ದಿನಗಳ ಕೆಲಸ.

ಈ ಬಗೆಯ ಸಂತೆಗಳ ಮೂಲಪುರುಷ ಎನ್ನಬಹುದಾದ ಇಬೇ ಕೂಡ ಹೀಗೆ ರಜೆಯಲ್ಲೇ ಹುಟ್ಟಿದ್ದು. 1995ರ ಸೆಪ್ಟೆಂಬರಿನಲ್ಲಿ ಪಿಯೆರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ‘ಆಕ್ಷನ್‌ವೆಬ್’ ಎಂಬ ಹೆಸರಿನಲ್ಲಿ ಅದನ್ನು ಶುರುಮಾಡಿದ. ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರಿಗೆ. ಅದು ಕೆಟ್ಟಿದೆ ಎಂದು ಗೊತ್ತಲ್ಲ ಎಂದು ಕೊಂಡವನನ್ನೇ ಕೇಳಿದರೆ, ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನು ಕೂಡಿಡುವುದೇ ತನ್ನ ಹವ್ಯಾಸ ಎಂದನಂತೆ. ನಮ್ಮ ದೇಶದಲ್ಲೂ ಬಾಝೀ ಎಂಬ ಹರಾಜು ತಾಣ 2000ರಲ್ಲಿ ಮುಂಬಯಿಯಲ್ಲೇ ಹುಟ್ಟಿತು. 2004ರಲ್ಲಿ ಇಬೇ ಅದನ್ನು ಕೊಂಡಿತು. ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ಹಳೇ ವಸ್ತು ಮಾರುವ ತಾಣಗಳು ಬೇಕಷ್ಟಿವೆ. ಆದರೆ ಅಲ್ಲಿ 486 ಬೋರ್ಡು ಸೋಫಾ ಸೆಟ್ಟು, ಸ್ಕೂಟರುಗಳ ನಡುವೆ ಸಿಕ್ಕಿ ಕಾಣದೇ ಹೋಗುತ್ತದೆ.

ನಮ್ಮ ದೇಶದ ಅಟ್ಟಗಳಲ್ಲಿ ಇರುವುದಾದರೂ ಏನು? ಬೇಕಾದಷ್ಟಿದೆ. 1978ರಲ್ಲಿ ಐಬಿಎಂ ಭಾರತ ಬಿಟ್ಟುಹೋದ ಮೇಲೆ ಎಚ್‌ಸಿಎಲ್, ವಿಪ್ರೋದಂಥ ನಮ್ಮ ಕಂಪೆನಿಗಳು ತಾವೇ ಯಂತ್ರಗಳನ್ನು ಮಾಡಿದವು. 1984-85ರಲ್ಲಿ ಕೇಂದ್ರ ಸರಕಾರದ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂತು. ಬ್ರಿಟನ್ನಿನ ಸಿಂಕ್ಲೇರ್ ಸ್ಪೆಕ್ಟ್ರಮ್ಮನ್ನು ಪರವಾನಗಿ ಪಡೆದು ಇಲ್ಲೇ ತಯಾರಿಸಿದ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಅನ್ನು ಟಿವಿಗೂ ಟೇಪ್ ರೆಕಾರ್ಡರಿಗೂ ಜೋಡಿಸಿ ಪ್ರೋಗ್ರಾಮ್ ಕಲಿತವರು ಈಗ ಐವತ್ತು ದಾಟಿದ್ದಾರೆ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಇದೆ. ಅದರ ‘ಅಮಿಡಾ’ ಎಂಬ ಮಾದರಿಯನ್ನು ಬಿಇಎಲ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಪುಣೆಯ ಸಿ-ಡ್ಯಾಕ್ ಭಾರತೀಯ ಲಿಪಿಗಳಿಗಾಗಿ ಮಾಡಿದ ‘ಜಿಸ್ಟ್’ ಕಾರ್ಡುಗಳಿವೆ.

ಕನ್ನಡಿಗರಿಗೆ ಇದರಲ್ಲಿ ಪ್ರತ್ಯೇಕ ಪಾಲಿದೆ. ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟ ಕಿನ್ನಿಕಂಬಳದ ಕೆ. ಪಿ. ರಾಯರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು. ಅವರ ‘ಸೇಡಿಯಾಪು’, ಆಮೇಲೆ 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಸರಕಾರಿ ಕಚೇರಿಗಳಲ್ಲಿ ನಡೆದ ‘ನುಡಿ’, ಇವೆಲ್ಲ ನಮ್ಮ ಭಾಷೆ ಕಂಪ್ಯೂಟರಿಗೆ ದಾಟಿದ ಹೆಜ್ಜೆಗಳು. ಆ ಕಾಲದ ಫ್ಲಾಪಿ, ಡಾಂಗಲ್, ಕೈಪಿಡಿಗಳು ಯಾವ ಗ್ರಂಥಾಲಯದಲ್ಲಿವೆಯೋ ಹುಡುಕಿ ನೋಡಿ. ನಮಗೆ ಸಿಕ್ಕವೆಲ್ಲ ಜನರ ಅಟ್ಟದಲ್ಲೇ ಸಿಕ್ಕವು.

‘ಬೇಕಾಗಿದೆ’ಯಿಂದ ಶುರು

ಸಂತೆ ಕಟ್ಟುವವರಿಗೆ ಮೊದಲ ತೊಡಕು ಎಲ್ಲರಿಗೂ ಗೊತ್ತಿದ್ದದ್ದೇ. ಮಾರುವವರಿಲ್ಲದೆ ಕೊಳ್ಳುವವರು ಬರುವುದಿಲ್ಲ, ಕೊಳ್ಳುವವರಿಲ್ಲದೆ ಮಾರುವವರು ಬರುವುದಿಲ್ಲ. ‘ಮಾರಾಟಕ್ಕಿದೆ’ ಎಂಬ ವಿಭಾಗ ತೆರೆದು ಕೂತೆವು. ಎರಡು ವಾರ ನೊಣ ಹೊಡೆದೆವು. ತಮ್ಮ ಮನೆಯಲ್ಲಿರುವುದು ಇನ್ನೊಬ್ಬರಿಗೆ ಬೇಕಾದೀತು ಎಂಬ ಕಲ್ಪನೆಯೇ ಜನರಿಗೆ ಇರಲಿಲ್ಲ.

ಹಿರಿಯರು ಒಂದು ಉಪಾಯ ಹೇಳಿದರು. ಅದನ್ನು ತಿರುಗಿಸಿ, ‘ಬೇಕಾಗಿದೆ’ ಎಂಬ ವಿಭಾಗವನ್ನು ಮೊದಲ ಪುಟಕ್ಕೆ ತನ್ನಿ. ಅಲ್ಲಿ ಮೊದಲ ಬೇಡಿಕೆ ನನ್ನದೇ. ಯಾಕೆಂದರೆ ಅವರು ಕೊಟ್ಟ ಬೋರ್ಡಿನಿಂದ ಭಾವನ ಯಂತ್ರವೇನೋ ಎದ್ದಿತು, ಡಾಂಗಲ್ ಒಪ್ಪಿತು, ಮಾಸ್ತರರ ಪುಸ್ತಕದ ಹನ್ನೊಂದು ಅಧ್ಯಾಯ ತೆರೆಯಿತು. ಉಳಿದ ಮೂರು ಡಿಸ್ಕಿನಲ್ಲಿ ಇರಲೇ ಇಲ್ಲ. “ಜಾಗ ಸಾಲದೆ ಫ್ಲಾಪಿಗೆ ಹಾಕಿದ್ದೆ” ಎಂದು ಭಾವನಿಗೆ ಆಗ ನೆನಪಾಯಿತು. ಫ್ಲಾಪಿಗಳು ಸಿಕ್ಕವು. ಅಗಲವಾದ, ಬಗ್ಗುವ 5.25 ಇಂಚಿನವು. ಅವನ್ನು ಓದುವ ಡ್ರೈವ್ ತುಕ್ಕು ಹಿಡಿದಿತ್ತು. “5.25 ಇಂಚಿನ, 1.2 ಎಂಬಿ ಫ್ಲಾಪಿ ಡ್ರೈವ್ ಬೇಕಾಗಿದೆ” ಎಂದು ಹಾಕಿದೆ, ಯಾತಕ್ಕೆ ಬೇಕೆಂಬ ಕತೆಯನ್ನೂ ಬರೆದೆ.

ಕತೆ ಬರೆದದ್ದೇ ಕೆಲಸ ಮಾಡಿತು. ಯಾರೋ ಕೇಳುತ್ತಿದ್ದಾರೆ ಎಂದಾಗ ಜನ ಅಟ್ಟ ಹತ್ತುತ್ತಾರೆ. ಒಂದನ್ನು ಹುಡುಕುವಾಗ ಇನ್ನೊಂದು ಸಿಗುತ್ತದೆ, ಅದರ ಫೋಟೋ ಬರುತ್ತದೆ. ನಮ್ಮ ‘ಮಾರಾಟಕ್ಕಿದೆ’ ತುಂಬಿದ್ದು ಹಾಗೆ.

‘ಚಾಲೂ ಇದೆ’ ಎಂದರೆ ಏನು?

ಎರಡನೆಯ ತೊಡಕು ನಂಬಿಕೆಯದು. ಪುಣೆಯ ಒಬ್ಬರು ಕೊಂಡ ಸ್ಪೆಕ್ಟ್ರಮ್ ಮನೆಗೆ ಬಂದಾಗ ಅಲುಗಲಿಲ್ಲ. ಮಾರಿದವರು ‘ಚಾಲೂ ಇದೆ’ ಎಂದು ಬರೆದಿದ್ದರು. ವಿಚಾರಿಸಿದರೆ, “ಒಳಗಿಟ್ಟಾಗ ಚಾಲೂ ಇತ್ತಲ್ಲ” ಎಂದರು. ಅವರು ಒಳಗಿಟ್ಟದ್ದು 1991ರಲ್ಲಿ! ಸುಳ್ಳು ಹೇಳಿದ್ದಲ್ಲ, ಆದರೂ ಜಗಳ ಬಂತು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನವನು ಮಾರಲು ಒಪ್ಪದೆ ಹೊರಟುಹೋಗುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಹುಳುಕಿನ ಕಾರುಗಳೇ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ನಮ್ಮ ಸಂತೆಯಲ್ಲಿ ಸಮಸ್ಯೆ ಇನ್ನೂ ಜಟಿಲ. ಇಲ್ಲಿ ಹುಳುಕು ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ.

ಹಾಗಾಗಿ ‘ಚಾಲೂ ಇದೆ’ ಎಂಬ ಮಾತನ್ನೇ ತೆಗೆದುಹಾಕಿ ನಾಲ್ಕು ದರ್ಜೆ ಮಾಡಿದೆವು. ಈ ತಿಂಗಳು ನಡೆಸಿ ನೋಡಿದ್ದು, ವಿಡಿಯೋ ಇದೆ. ವಿದ್ಯುತ್ ಬರುತ್ತದೆ, ಪೂರ್ತಿ ಪರೀಕ್ಷಿಸಿಲ್ಲ. ಪರೀಕ್ಷಿಸಿಯೇ ಇಲ್ಲ. ಕೆಟ್ಟಿದೆ, ಬಿಡಿಭಾಗಕ್ಕೆ ಮಾತ್ರ. ಪ್ರತಿ ವಸ್ತುವಿನ ಪಕ್ಕ ಆ ದಿನದ ದಿನಪತ್ರಿಕೆ ಇಟ್ಟು ಫೋಟೋ ತೆಗೆಯಬೇಕು. ಬೋರ್ಡಾದರೆ ಬ್ಯಾಟರಿಯ ಮೂಲೆಯದೇ ಒಂದು ಫೋಟೋ ಬೇಕು. ಕೊನೆಯ ದರ್ಜೆಯ ಸಾಮಾನು ಯಾರು ಕೊಂಡಾರು ಎಂದು ನನಗೆ ಅನುಮಾನವಿತ್ತು. ಬೇಗ ಖರ್ಚಾಗುವುದು ಅದೇ! ಎರಡು ಕೆಟ್ಟ ಯಂತ್ರ ಸೇರಿಸಿ ಒಂದು ಒಳ್ಳೆಯದು ಮಾಡುವುದೇ ಇವರ ಖುಷಿ.

ಹಣದ ವಿಷಯಕ್ಕೆ ಬಂದರೆ, ಮೊದಲು ಕೊಳ್ಳುವವರಿಂದ ಯುಪಿಐ ಮೂಲಕ ಹಣ ಪಡೆದು, ಸಾಮಾನು ತಲುಪಿದ ಮೇಲೆ ಮಾರಿದವರಿಗೆ ಕೊಡೋಣ ಎಂದುಕೊಂಡಿದ್ದೆವು. ಮಧ್ಯಸ್ಥಿಕೆ ನಮ್ಮದೇ ಖಾತೆಯಲ್ಲಿ. ಚಾರ್ಟರ್ಡ್ ಅಕೌಂಟೆಂಟ್ ಮಿತ್ರ ತಲೆ ಚಚ್ಚಿಕೊಂಡ. ಇಂಥ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕ್ 2020ರ ಮಾರ್ಚಿನಲ್ಲೇ ನಿಯಮ ಮಾಡಿದೆ. ಇನ್ನೊಬ್ಬರ ಹಣ ಹಿಡಿದಿಟ್ಟು ದಾಟಿಸುವುದಕ್ಕೆ ಅದರ ಅನುಮತಿ ಬೇಕು. ಅನುಮತಿ ಪಡೆದ ಸಂಸ್ಥೆಯೊಂದರ ಮೂಲಕ ಈಗ ಪಾವತಿ ನಡೆಯುತ್ತದೆ. ಅವರ ಶುಲ್ಕ ಕಳೆದರೆ ನಮಗೆ ಉಳಿಯುವುದು ಚಹಾದ ಖರ್ಚು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎನ್ನಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಮ್ಮ ದೂರು ಅಧಿಕಾರಿ ಹೈದರಾಬಾದಿನ ಹಿರಿಯರೇ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರಿಗೆ ಇದೆಲ್ಲ ಯಾವ ಲೆಕ್ಕ?

ಸಾಗಣೆಯ ಪಾಠವೂ ಖರ್ಚಿಲ್ಲದೆ ಬರಲಿಲ್ಲ. ಒಬ್ಬರು ಕಳಿಸಿದ ಗಾಜಿನ ಮಾನಿಟರ್ ಪುಡಿಯಾಗಿ ತಲುಪಿತು. ಕೊರಿಯರ್‌ನವರು ಕೈ ತೊಳೆದುಕೊಂಡರು, ನಾವು ಮೂವರು ಕೈಯಿಂದ ಹಣ ಹಾಕಿದೆವು. ಅಂದಿನಿಂದ ಪಿಕ್ಚರ್ ಟ್ಯೂಬ್ ಇರುವ ಮಾನಿಟರ್ ಕೈಯಿಂದ ಕೈಗೆ ಮಾತ್ರ. ಊರಿಗೆ ಕಾರಿನಲ್ಲಿ ಹೋಗುವವರು, ಮನೆ ಬದಲಿಸುವವರು ದಾರಿಯಲ್ಲಿ ತಲುಪಿಸುತ್ತಾರೆ. ಗಣೇಶ ಚೌತಿಗೆ ಮುಂಬಯಿಂದ ಹೊರಟ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಸೀಟ್ ಬೆಲ್ಟ್ ಬಿಗಿದುಕೊಂಡು ಒಂದು ಮಾನಿಟರ್ ಹುಬ್ಬಳ್ಳಿ ಮುಟ್ಟಿದೆ. ವಿದೇಶದಲ್ಲಿರುವ ನೆಂಟರಿಂದ ತರಿಸುತ್ತೇವೆ ಎನ್ನುವವರಿಗೆ ಒಂದು ಮಾತು: ಬಳಸಿದ ಕಂಪ್ಯೂಟರ್ ಆಮದಿಗೆ ಪರವಾನಗಿ ಬೇಕು. ಆ ದಾರಿಯನ್ನು ನಾವು ಮುಟ್ಟುವುದಿಲ್ಲ.

ಭಂಗಾರವೂ ಬಂಗಾರವೂ

ಬೆಲೆ ಕಟ್ಟುವುದೇ ದೊಡ್ಡ ತಲೆನೋವು. 1976ರಲ್ಲಿ 666.66 ಡಾಲರಿಗೆ ಮಾರಿದ ಆಪಲ್-1 ಯಂತ್ರಗಳು ಸುಮಾರು ಇನ್ನೂರು ಮಾತ್ರ. 2014ರ ಹರಾಜಿನಲ್ಲಿ ಅವುಗಳಲ್ಲೊಂದನ್ನು ಹೆನ್ರಿ ಫೋರ್ಡ್ ಮ್ಯೂಸಿಯಂ 9,05,000 ಡಾಲರ್ ಕೊಟ್ಟು ಕೊಂಡಿತು. ಈ ಸುದ್ದಿ ಓದಿದವರು ತಮ್ಮ ಪೆಂಟಿಯಂ ಯಂತ್ರಕ್ಕೆ ಎರಡು ಲಕ್ಷ ಕೇಳುತ್ತಾರೆ. ಹಳತಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಅಪರೂಪವಾಗಿರಬೇಕು, ಯಾರಿಗಾದರೂ ಬೇಕಾಗಿರಬೇಕು. ಹಿಂದೆ ಎಷ್ಟಕ್ಕೆ ಮಾರಾಟವಾಯಿತು ಎಂಬ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟ ಮೇಲೆ ಚೌಕಾಸಿ ಅರ್ಧಕ್ಕಿಳಿಯಿತು.

ನಮ್ಮ ನಿಜವಾದ ಎದುರಾಳಿ ಬೇರೆ ತಾಣಗಳಲ್ಲ, ತಕ್ಕಡಿ. ಹಿಂದಿಯ, ಮರಾಠಿಯ ‘ಭಂಗಾರ’ದ ಒಳಗೆ ಕನ್ನಡದ ‘ಬಂಗಾರ’ ನಿಜಕ್ಕೂ ಇದೆ. ಹಳೆಯ ಸೆರಾಮಿಕ್ ಪ್ರೊಸೆಸರುಗಳ ಕಾಲುಗಳಿಗೆ ಚಿನ್ನದ ಲೇಪವಿರುತ್ತದೆ. ಅದಕ್ಕಾಗಿ ದಿಲ್ಲಿಯ ಸೀಲಂಪುರದಂಥ ಗಲ್ಲಿಗಳಲ್ಲಿ ಬರಿಗೈಯಲ್ಲಿ ಆಸಿಡ್ಡಿಗೆ ಅದ್ದುವವರಿದ್ದಾರೆ. ಅವರ ಶ್ವಾಸಕೋಶದ ಲೆಕ್ಕ ಯಾವ ತಕ್ಕಡಿಯಲ್ಲೂ ಬರುವುದಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ಕೆಟ್ಟದ್ದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ನಮ್ಮಲ್ಲಿ ಗಿರಾಕಿ ಸಿಗದ ಸಾಮಾನಿಗೆ ಆ ದಾರಿಯನ್ನೇ ಹೇಳುತ್ತೇವೆ.

ಹದಿಮೂರೂವರೆ ಅಧ್ಯಾಯ

ಏಳನೆಯ ತಿಂಗಳಲ್ಲಿ ನನ್ನ ‘ಬೇಕಾಗಿದೆ’ಗೆ ಉತ್ತರ ಬಂತು. ಚೆನ್ನೈಯಲ್ಲಿ ಮುದ್ರಣಾಲಯ ನಡೆಸುತ್ತಿದ್ದ ತಮಿಳರೊಬ್ಬರು. ಅಂಗಡಿ ಮುಚ್ಚುವಾಗ ಎರಡು ಡ್ರೈವ್ ತೆಗೆದಿಟ್ಟಿದ್ದರಂತೆ. ಕತೆ ಓದಿ, ಹಣ ಬೇಡವೆಂದು ಎರಡನ್ನೂ ಕಳಿಸಿದರು. “ನನ್ನ ಗುರುಗಳ ಪುಸ್ತಕವನ್ನು ನಾನು ಅಚ್ಚು ಹಾಕಿದ್ದೆ, ನಿಮ್ಮವರಿಗೆ ಆಗಲಿಲ್ಲ ಅಷ್ಟೇ” ಎಂದು ಫೋನಿನಲ್ಲಿ ಹೇಳಿದರು.

ಮುಂಬಯಿಯ ಮಳೆಗಾಲ ಫ್ಲಾಪಿಗಳ ಮೇಲೆ ಬಿಳಿ ಬೂಷ್ಟು ಹಿಡಿಸಿತ್ತು. ಹಾಗೇ ತುರುಕಿದರೆ ಡ್ರೈವಿನ ಹೆಡ್ಡೂ ಹಾಳು. ಅಂಚು ಕತ್ತರಿಸಿ, ಒಳಗಿನ ತಟ್ಟೆಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಮೆಲ್ಲಗೆ ಒರೆಸಿ ಒಣಗಿಸಿದೆವು. ಮೊದಲನೆಯದು ಓದಿತು. ಎರಡನೆಯದು ಹನ್ನೊಂದು ಸಲ ತಿಣುಕಿ ಓದಿತು. ಮೂರನೆಯದು ಅರ್ಧದಲ್ಲಿ ನಿಂತಿತು. ಏನು ಮಾಡಿದರೂ ಮುಂದೆ ಹೋಗಲಿಲ್ಲ.

ಭಾವ ಆ ಅರ್ಧ ಅಧ್ಯಾಯವನ್ನು ಎರಡು ಸಲ ಓದಿದರು. ಮುಂದೆ ಏನಿತ್ತು ಎಂದು ಕೇಳಿದೆ. “ನೆನಪಿಲ್ಲ ಮಾರಾಯ. ಕಂಪೋಸ್ ಮಾಡುವಾಗ ಅಕ್ಷರ ನೋಡುತ್ತೇವೆ, ಅರ್ಥ ನೋಡುವುದಿಲ್ಲ” ಎಂದರು. ಅವರ ಕಣ್ಣು ತುಂಬಿತ್ತು. ಈಗ ರಾತ್ರಿ ಶಾಲೆಯ ಹಳೇ ವಿದ್ಯಾರ್ಥಿಗಳು ಹಣ ಕೂಡಿಸಿದ್ದಾರೆ. ಹದಿಮೂರೂವರೆ ಅಧ್ಯಾಯವಾಗಿಯೇ ಪುಸ್ತಕ ಅಚ್ಚಿಗೆ ಹೋಗುತ್ತಿದೆ. ಉಳಿದರ್ಧದ ಜಾಗವನ್ನು ಖಾಲಿ ಬಿಡುವುದೆಂದು ಭಾವ ಹಟ ಹಿಡಿದಿದ್ದಾರೆ.

ಓದುಗರಲ್ಲಿ ಒಂದು ಕೋರಿಕೆ. ಮನೆ ಖಾಲಿ ಮಾಡುವಾಗ, ಸಂಘದ ಕಚೇರಿ ಬದಲಿಸುವಾಗ ಹಳೇ ಕಂಪ್ಯೂಟರ್ ಸಿಕ್ಕರೆ ತಕ್ಷಣ ತೂಕಕ್ಕೆ ಹಾಕಬೇಡಿ. ನನ್ನಂತೆ ಸ್ವಿಚ್ಚೂ ಹಾಕಬೇಡಿ. ಮುಚ್ಚಳ ತೆಗೆದು ಬ್ಯಾಟರಿ ಸೋರಿದೆಯೇ ನೋಡಿ, ಸೋರಿದ್ದರೆ ತಿಳಿದವರಿಂದ ತೆಗೆಸಿ. ಕೀಬೋರ್ಡ್, ಡಾಂಗಲ್, ಕೈಪಿಡಿ, ಫ್ಲಾಪಿಗಳನ್ನು ಯಂತ್ರದಿಂದ ಬೇರೆ ಮಾಡಬೇಡಿ. ಬಿಡಿಯಾದರೆ ಅವು ಕಸ, ಒಟ್ಟಿಗಿದ್ದರೆ ಒಂದು ಕಾಲ. ಮಾರುವ ಮೊದಲು ಡಿಸ್ಕಿನಲ್ಲಿ ಏನಿದೆ ಎಂದು ನೋಡಿಸಿ. ಮನೆಯ ಲೆಕ್ಕಪತ್ರ ಇದ್ದರೆ ಅಳಿಸಿ, ಯಾರದೋ ಬರವಣಿಗೆ ಇದ್ದರೆ ಉಳಿಸಿ.

ಭಾವನ 486 ಈಗ ಸಂತೆಯ ಪಟ್ಟಿಯಲ್ಲಿದೆ, ಮೊದಲ ದರ್ಜೆಯಲ್ಲಿ. ಮೂವರು ಕೇಳಿದ್ದಾರೆ, ಮೂವರಿಗೂ ಭಾವ ಏನಾದರೊಂದು ನೆಪ ಹೇಳಿದ್ದಾರೆ. ಅಕ್ಕ ಮಾತ್ರ, “ಆವತ್ತೇ 300 ರೂಪಾಯಿಗೆ ಕೊಟ್ಟಿದ್ದರೆ ಲಾಫ್ಟ್ ಖಾಲಿಯಾಗುತ್ತಿತ್ತು” ಎಂದು ಈಗಲೂ ಹೇಳುತ್ತಾಳೆ. ಪುಸ್ತಕದ ಕರಡು ತಿದ್ದುತ್ತಿರುವವಳೂ ಅವಳೇ.